ಅರ್ಧ ಕಣದ ಕೋಣೆ

ವೃತ್ತದೊಳಗೆ ಕೂಡುವ ಅತಿ ದೊಡ್ಡ ಆಯತ ಯಾವುದು ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ಕೂಡಲೇ ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಒಂದು ಆಕಳಿಕೆ ಹಾದುಹೋಗುತ್ತದೆ. ಅದು ಹಿಂದಿನ ಬೆಂಚು ಮುಟ್ಟಿದ ಮೇಲೆ ಅಲ್ಲಿಂದ ಪ್ರಶ್ನೆ ಬರುತ್ತದೆ: "ಮಿಸ್, ಇದು ಮುಂದ ಎಲ್ಲಿ ಉಪಯೋಗ ಬರ್ತೈತ್ರಿ?" ಪ್ರತಿ ವರ್ಷ ಮಕ್ಕಳು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ನಾನೂ ಪ್ರತಿ ವರ್ಷ "ಪರೀಕ್ಷಾದಾಗ" ಎಂದು ಸಿಡುಕಿ ಡಸ್ಟರ್ ಎತ್ತಿಕೊಳ್ಳುತ್ತೇನೆ. ನಿಜವಾದ ಉತ್ತರ ನನ್ನ ಹತ್ತಿರ ಇದೆ. ಆದರೆ ಅದನ್ನು ಹೇಳಲು ಕೂತರೆ ಪಾಠ ಮುಗಿಯುವುದಿಲ್ಲ, ಗಂಟೆ ಮುಗಿಯುತ್ತದೆ.

ನಾನು ಬಬಲೇಶ್ವರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ವಿಜಯಪುರದ ಅಥಣಿ ರಸ್ತೆಯ ಒಂದು ಬಡಾವಣೆಯಲ್ಲಿ. ಮೊನ್ನೆ ಮೊನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ನೆಲ ಅದು. ಈಗ ಅಲ್ಲಿ ಯಾರಾದರೂ ಜಾಗದ ಸುದ್ದಿ ತೆಗೆದರೆ ಎದುರಿನವರು ಮೊದಲು ಕೇಳುವುದು "ಎಷ್ಟಕ್ಕೆಷ್ಟು?" ಎಂದು. ಮೂವತ್ತಕ್ಕೆ ನಲವತ್ತು, ಇಪ್ಪತ್ತಕ್ಕೆ ಮೂವತ್ತು. ಜಾಗವೆಂದರೆ ನಾಲ್ಕು ಮೂಲೆ ಇರಲೇಬೇಕು ಎಂದು ನಂಬಿದ ಜನರ ನಡುವೆ ಬದುಕುತ್ತಿದ್ದೇನೆ. ನಾನು ಬೆಳೆದದ್ದು ಮೂಲೆಯೇ ಇಲ್ಲದ ಒಂದು ಜಾಗದ ಪಕ್ಕದಲ್ಲಿ. ಬೆಳಿಗ್ಗೆ ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಆ ಜಾಗ ಎಷ್ಟೋ ಸಲ ನೆನಪಾಗುತ್ತದೆ, ನೆನಪಾದಾಗ ನಗು ಬರುತ್ತದೆ.

ನಮ್ಮೂರು ಕಳ್ಳಕವಟಗಿ, ತಿಕೋಟಾದ ಕಡೆಯದು. ಅಪ್ಪ ಮತ್ತು ಕಾಕಾ ಇಬ್ಬರೂ ಅಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಮನೆಯ ಹಿಂದೆ ನಮ್ಮ ಕಣ. ಕಣವೆಂದರೆ ಜೋಳದ ತೆನೆ ಹಾಸಿ, ಎತ್ತುಗಳಿಂದ ತುಳಿಸಿ ಕಾಳು ಮಾಡುವ ದುಂಡನೆಯ ಅಂಗಳ. ನಡುವೆ ಮೇಟಿ ಎಂಬ ಮರದ ಕಂಬ, ಸುತ್ತ ಗಡಿಗೆ ಮೊಣಕಾಲೆತ್ತರದ ಕರಿಕಲ್ಲುಗಳು. ಸುಗ್ಗಿ ಬಂದರೆ ನೀರು ಹೊಡೆದು, ಬಡಿದು, ಸಗಣಿ ಸಾರಿಸಿ ಅದನ್ನು ಎಷ್ಟು ನುಣುಪು ಮಾಡುತ್ತಿದ್ದರೆಂದರೆ, ಅನ್ನ ಸುರುವಿ ಉಣ್ಣಬಹುದಿತ್ತು. ಚಪ್ಪಲಿ ಹಾಕಿಕೊಂಡು ಕಾಲಿಟ್ಟರೆ ಬೈಗುಳ ತಪ್ಪುತ್ತಿರಲಿಲ್ಲ. ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವಂತಿರಲಿಲ್ಲ, 'ಲಾಭ' ಅನ್ನಬೇಕು. ಲಾಭ, ಎರಡು, ಮೂರು. ನಾನು ಸಾಲೆಗೆ ಸೇರಿದ ಹೊಸದರಲ್ಲಿ ಮಾಸ್ತರರು ಎಣಿಸು ಎಂದಾಗ ಲಾಭದಿಂದಲೇ ಶುರು ಮಾಡಿದ್ದೆ. ಅವರು ನಕ್ಕು ನಕ್ಕು ಪಕ್ಕದ ಕೋಣೆಯ ಮಾಸ್ತರರನ್ನು ಕರೆತಂದು ಮತ್ತೊಮ್ಮೆ ಎಣಿಸಲು ಹೇಳಿದ್ದರು.

ಮೇಟಿಗೆ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದ ಮೇಲೆ ಮೇಟಿಯನ್ನು ಕಿತ್ತು ಮನೆಯೊಳಗೆ ನಿಲ್ಲಿಸುತ್ತಿದ್ದರು. ಮರುವರ್ಷ ಅದನ್ನು ಹಳೆಯ ಕುಣಿಯಲ್ಲಿ ನೆಡುವ ಹಾಗಿಲ್ಲ. ಹಳೆಯ ಕುಣಿ ಎಂಜಲು ಎಂಬ ಲೆಕ್ಕ. ಅದಕ್ಕೆ ಮಣ್ಣು ತುಂಬಿ, ಅದರ ಮಗ್ಗುಲಿಗೇ ಹೊಸ ಕುಣಿ ತೆಗೆಯಬೇಕು. ಎಲ್ಲಿ ತೆಗೆಯಬೇಕೆಂದು ತೋರಿಸುವವಳು ಮನೆಯ ಹಿರಿಯ ಹೆಂಗಸು. ನಮ್ಮ ಮನೆಯಲ್ಲಿ ಅದು ಆಯಿ, ಅಪ್ಪನ ತಾಯಿ. ಅವಳು ಅರಿಷಿಣ ಕುಂಕುಮ ಹಚ್ಚಿ, ಮೊದಲ ಹಿಡಿ ಮಣ್ಣು ತನ್ನ ಕೈಯಿಂದ ತೆಗೆದು "ಇಲ್ಲೆ" ಅನ್ನುತ್ತಿದ್ದಳು. ಆ ಇಲ್ಲೆಗೆ ಎದುರು ಮಾತಿರಲಿಲ್ಲ. ಮೇಟಿ ನೆಟ್ಟ ಮೇಲೆ ಅದೇ ನಟ್ಟನಡುವೆ. ಊರಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ತಂಗಿ, ನನ್ನ ಅತ್ತೆ, ಗಂಡನ ಮನೆ ಬಿಟ್ಟು ಬಂದಳು. ಸುಗ್ಗಿಯ ಆರಂಭದ ದಿನಗಳು. ಅಲ್ಲಿ ಏನಾಗಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಪ್ಪ ಕೇಳಲಿಲ್ಲ, ಕಾಕಾ ಕೇಳಲಿಲ್ಲ, ಆಯಿ ಅಂತೂ ತುಟಿ ಬಿಚ್ಚಲಿಲ್ಲ. ಬಾ ಎಂದೂ ಅನ್ನಲಿಲ್ಲ, ಯಾಕೆ ಬಂದೆ ಎಂದೂ ಅನ್ನಲಿಲ್ಲ. ತೆನೆ ಮುರಿಯಲು ಹೊರಟಿದ್ದವಳು ಇನ್ನೊಂದು ಬುಟ್ಟಿ ತೆಗೆದು ಮಗಳ ಕೈಗೆ ಕೊಟ್ಟಳು, ಅಷ್ಟೆ. ಅತ್ತೆ ಅದನ್ನು ಸಿಟ್ಟು ಎಂದೇ ತಿಳಿದಳು. ಎಷ್ಟೋ ದಿನಗಳ ಮೇಲೆ ನನ್ನ ಜಡೆ ಹಾಕುತ್ತ ತನ್ನಷ್ಟಕ್ಕೆ ಎಂಬಂತೆ ಹೇಳಿದ್ದಳು: "ನಮ್ಮವ್ವಗ ನಾ ಬಂದದ್ದು ಸೇರಿಲ್ಲ ನೋಡ."

ಅವಳು ಬಂದ ಎರಡು ದಿನಕ್ಕೇ ಅಪ್ಪ, ಕಾಕಾ ಹೊಲ ಹಂಚಿಕೊಂಡರು. ಜಗಳವಿಲ್ಲದೆ, ಚಹಾ ಕುಡಿಯುತ್ತ ಹಂಚಿಕೊಂಡರು. ಮನೆಯನ್ನೂ ನಡುವೆ ಒಂದು ಗೋಡೆ ಎಳೆದು ಎರಡು ಮಾಡಿದರು. ಕಣ ಮಾತ್ರ ಕೂಡಿಯೇ ಉಳಿಯಿತು, ಅದು ಆಯಿಯ ಹೆಸರಿನಲ್ಲಿ ನಡೆಯುವ ಜಾಗ.

ಎತ್ತುಗಳಿಂದ ತುಳಿಸಿದ ಕೊನೆಯ ಸುಗ್ಗಿಗಳಲ್ಲಿ ಕಾಕಾನಿಗೆ ಹೊರಗಿನ ಎತ್ತಿನ ಮೇಲೆ ವಿಪರೀತ ಸಿಟ್ಟು. ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಹೊರ ತುದಿಯದು ಮೂಡಣದ ಕಡೆ ಬಂದಾಗಲೆಲ್ಲ ಗಡಿಗಲ್ಲು ದಾಟಿ ಕಾಲಿಡುತ್ತಿತ್ತು. ಬೇರೆ ಕಡೆ ಸರಿಯಾಗಿಯೇ ನಡೆಯುವ ಪ್ರಾಣಿ ಅಲ್ಲಿ ಮಾತ್ರ ದಾರಿ ಬಿಡುತ್ತಿತ್ತು. "ಇದರ ಅಪ್ಪಗ ಕಣ್ಣಿರಲಿಲ್ಲ, ಇದಕ್ಕ ಬುದ್ಧಿ ಇಲ್ಲ" ಎಂದು ಕಾಕಾ ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದ. ಎತ್ತು ಬದಲಿಸಿದರೂ ಅದೇ ಕತೆ. ಆಯಿ ಬೇವಿನ ನೆರಳಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತ ಕೇಳುತ್ತಿದ್ದಳು. ಆಮೇಲೆ ರಾಶಿ ಮಾಡುವ ಮಷಿನ್ ಬಂತು, ಎತ್ತುಗಳ ಕೆಲಸ ಹೋಯಿತು. ಕೊನೆಯ ವರ್ಷ ನೆಟ್ಟ ಮೇಟಿಯನ್ನು ಯಾರೂ ಕೀಳಲಿಲ್ಲ, ಅದು ಅಲ್ಲೇ ನಿಂತಿತು. ಕಣದ ಮೂಡಲ ಭಾಗದಲ್ಲಿ ಕಾಕಾ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆ ಒಟ್ಟಿದ.

ಅತ್ತೆ ಸುಮ್ಮನೆ ಕೂರುವವಳಲ್ಲ. ಅವಳ ಕಡಕ್ ರೊಟ್ಟಿ ತೆಳುವೆಂದರೆ ಹಪ್ಪಳವೇ ನಾಚಬೇಕು. ಮೊದಲು ತಿಕೋಟಾದ ಸಂತೆಗೆ, ಆಮೇಲೆ ವಿಜಯಪುರದ ಖಾನಾವಳಿಗಳಿಗೆ ಬುಟ್ಟಿ ಬುಟ್ಟಿ ರೊಟ್ಟಿ ಹೋಗತೊಡಗಿತು. ಊರಿನ ಇಬ್ಬರು ಹೆಂಗಸರು ಜೊತೆಗೆ ಸೇರಿದರು. ಬೆಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು. ಅಡುಗೆಮನೆ ಅವರದೇ ಆಗಿಹೋಗಿ, ನನ್ನವ್ವ ಸಾರು ಕುದಿಸಲು ಸರದಿ ಕಾಯಬೇಕಾಯಿತು. ಅವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಪಾತ್ರೆಗಳು ಮಾತ್ರ ಜೋರಾಗಿ ಸದ್ದು ಮಾಡತೊಡಗಿದವು.

ಆದರೆ ಅತ್ತೆಗೆ ಬೇಕಾಗಿದ್ದದ್ದು ಒಲೆಗಿಂತ ಹೆಚ್ಚಾಗಿ ಹಾಸಿಗೆಯ ಜಾಗ. ಅವಳು ಮಲಗುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ, ಜೋಳದ ಚೀಲಗಳ ಪಕ್ಕ. ಬೀಗರು ಬಂದರೆ ಹಾಸಿಗೆ ಅಡುಗೆಮನೆಗೆ ಹೋಗುತ್ತಿತ್ತು, ಚೀಲ ಹೆಚ್ಚಾದರೆ ಕಾಕಾನ ಕಡೆಯ ಪಡಸಾಲೆಗೆ. ಒಮ್ಮೆ ಹಾಸಿಗೆ ಸುರುಳಿ ಸುತ್ತುತ್ತ ನನಗೆ ಹೇಳಿದ ಮಾತು ನೆನಪಿದೆ: "ನಾ ರಾತ್ರಿ ಹಾಸಿದ ಹಾಸಿಗಿ ಮುಂಜಾನಿ ಹಾಸಿದಲ್ಲೇ ಬಿಟ್ಟು ಏಳಬೇಕು ನೋಡ ತಂಗಿ, ಒಂದ ದಿನಾರ." ನಲವತ್ತರ ಹತ್ತಿರದ ಹೆಂಗಸು ಈ ಭೂಮಿಯ ಮೇಲೆ ಕೇಳುತ್ತಿದ್ದದ್ದು ಒಂದು ಹೊರಸು, ಅಂದರೆ ಒಂದು ಮಂಚ, ಹಿಡಿಯುವಷ್ಟು ಜಾಗ.

ನಾನು ವಿಜಯಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಎರಡನೆಯ ವರ್ಷ ಮುಗಿಸಿ ಊರಿಗೆ ಬಂದ ಬೇಸಿಗೆಯಲ್ಲಿ ಆಯಿ ಒಂದು ಸಂಜೆ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು ಹೇಳಿದಳು: "ಕಣ ಖಾಲಿ ಬಿದ್ದೈತಿ. ಮೇಟಿಯಿಂದ ಪಡುವಲಕ್ಕ ಅರ್ಧಾ ಈಕಿಗೆ ಬಿಡ್ರಿ. ಒಂದ ಖೋಲಿ ಕಟ್ಟಿಕೊಳ್ಳಲಿ."

ಅಪ್ಪ ಹೂಂ ಎಂದ. ಕಾಕಾ ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡು, "ಬಿಡೂಣು. ಖರೆ ಅರ್ಧಾ ಅಂದ್ರ ಅರ್ಧಾ. ಹೆಚ್ಚೂ ಅಲ್ಲ, ಕಡಿಮೀನೂ ಅಲ್ಲ" ಎಂದ. ಕಾಕಾ ಕೆಟ್ಟವನಲ್ಲ. ಆದರೆ ತೂಕದ ವಿಷಯದಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಡದ ಜಾತಿ. ಆಯಿ ಇನ್ನೊಂದು ಮಾತು ಸೇರಿಸಿದಳು: ಗೋಡೆ ಗಡಿಗಲ್ಲಿನ ಆಚೆ ಒಂದು ಬೆರಳೂ ಹೋಗಬಾರದು, ಕಣ ಕಣದ ಹಾಗೆಯೇ ಕಾಣಬೇಕು.

ತಿಕೋಟಾದಿಂದ ಗೋಡೆ ಕಟ್ಟುವ ಗೌಂಡಿ ಬಂದರು. ನಾವೆಲ್ಲ ಚಾಚಾ ಅನ್ನುತ್ತಿದ್ದ ಅವರು ನಮ್ಮ ಮನೆಯ ನಡುಗೋಡೆ ಎಳೆದವರೂ ಹೌದು. ಅರ್ಧ ಕಣ ನೋಡಿ ಗಡ್ಡ ಕೆರೆದುಕೊಂಡರು. "ದುಂಡಗಿನ ಜಾಗಾದಾಗ ಚೌಕ ಖೋಲಿ ಅಂದ್ರ ಹೆಂಗ್ರಿ ಅವ್ವಾರ? ಉದ್ದ ಎಳದ್ರ ಸಪೂರ ಆಕ್ಕೈತಿ, ಅಗಲ ಎಳದ್ರ ಗಿಡ್ಡ ಆಕ್ಕೈತಿ." ಆಗ ಅತ್ತೆ ನನ್ನ ಕಡೆ ತಿರುಗಿದಳು. "ಅಷ್ಟೊಂದು ಗಣಿತ ಕಲ್ತೀಯಲ್ಲ, ಅದು ಏನ್ ಹೇಳತೈತಿ?"

ಏನು ಹೇಳುತ್ತದೆ ಅಂದರೆ! ಎರಡು ವರ್ಷ ನಾನು ಕಾಗದದ ಮೇಲೆ ಮಾಡಿದ್ದೇ ಇದು. ಸುಣ್ಣದ ಪುಡಿ ತಂದೆ. ಮೇಟಿಯೇ ಮೂಲಬಿಂದು, ಸೊನ್ನೆ ಕಾಮಾ ಸೊನ್ನೆ. ಅದರ ಮೇಲೆ ಹಾಯುವ ಬಡಗಣ-ತೆಂಕಣದ ಗೆರೆಯೇ ಅರ್ಧ ಮಾಡುವ ಗೆರೆ, ಕೋಣೆಯ ಉದ್ದನೆಯ ಗೋಡೆ ಅದರ ಮೇಲೆಯೇ ನಿಲ್ಲಬೇಕು. ಹಗ್ಗ ಹಿಡಿದು ಮೇಟಿಯಿಂದ ಬಡಗಣದ ಕಲ್ಲಿನವರೆಗೆ ಅಳೆದೆವು: ಹದಿನೈದು ಅಡಿಗೆ ಎರಡು ಬೆರಳು ಕಡಿಮೆ. ತೆಂಕಣಕ್ಕೂ ಅಷ್ಟೇ, ಹದಿನೈದಕ್ಕೆ ಎರಡು ಬೆರಳು ಕಡಿಮೆ. ಎರಡೂ ಕಡೆ ಸಮ ಬಂದ ಮೇಲೆ ಇನ್ನೇನು ನೋಡುವುದು? ಕಲ್ಲು ಸ್ವಲ್ಪ ಒಳಗೆ ವಾಲಿರಬೇಕು ಎಂದುಕೊಂಡು ತ್ರಿಜ್ಯ ಹದಿನೈದು ಎಂದು ಹಿಡಿದೆ.

ಅರ್ಧ ವೃತ್ತದಲ್ಲಿ ಕೂಡುವ ಆಯತಕ್ಕೆ ಎರಡು ಮೂಲೆ ಗೆರೆಯ ಮೇಲೆ, ಎರಡು ಮೂಲೆ ಕಮಾನಿನ ಮೇಲೆ. ಕಮಾನಿನ ಮೇಲಿನ ಮೂಲೆ ಮೇಟಿಯಿಂದ ಪಡುವಣಕ್ಕೆ ಎಷ್ಟು, ಬಡಗಣಕ್ಕೆ ಎಷ್ಟು ಎಂದು ಎರಡು ಅಳತೆ ಇಟ್ಟುಕೊಳ್ಳಬೇಕು. ಎರಡರ ವರ್ಗ ಕೂಡಿದರೆ ಹದಿನೈದರ ವರ್ಗ, ಇನ್ನೂರ ಇಪ್ಪತ್ತೈದು. ಎರಡನ್ನೂ ಗುಣಿಸಿ ಇಮ್ಮಡಿ ಮಾಡಿದರೆ ಕೋಣೆಯ ಕ್ಷೇತ್ರಫಲ. ಅದು ಅತಿ ಹೆಚ್ಚಾಗುವುದು ಎರಡೂ ಅಳತೆ ಸಮವಾದಾಗ. ಅಲ್ಲಿಗೆ ಅಗಲ ಹತ್ತೂವರೆ ಅಡಿಗೆ ಚೂರು ಮೇಲೆ, ಉದ್ದ ಇಪ್ಪತ್ತೊಂದಕ್ಕೆ ಚೂರು ಮೇಲೆ, ಒಟ್ಟು ಇನ್ನೂರ ಇಪ್ಪತ್ತೈದು ಚದರಡಿ. ಚಾಚಾ ತೆಳುವಾದ ಫರಸಿ ಕಲ್ಲು ನಿಲ್ಲಿಸಿ ಗೋಡೆ ಮಾಡಿ ಪತ್ರಾಸಿನ ತಗಡು ಹೊದಿಸುವುದೆಂದು ಮೊದಲೇ ಮಾತಾಗಿತ್ತು, ಹಾಗಾಗಿ ಗೋಡೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯುವ ಕಾಟವಿರಲಿಲ್ಲ. "ಅರ್ಧ ಕಣದಾಗ ಇದಕ್ಕಿಂತ ದೊಡ್ಡ ಖೋಲಿ ಕೂಡಾಕ ಸಾಧ್ಯನ ಇಲ್ಲ" ಎಂದು ನಾನು ಎಲ್ಲರ ಮುಂದೆ ಸಾರಿದೆ. ಆಗಿನ ನನ್ನ ಗತ್ತು ನೆನೆದರೆ ಈಗ ಕಪಾಳಕ್ಕೆ ಎರಡು ಬಿಗಿಯೋಣ ಅನ್ನಿಸುತ್ತದೆ.

ಅತ್ತೆ ನೆಲದ ಮೇಲೆ ಕಡ್ಡಿಯಿಂದ ತನ್ನ ಸಂಸಾರ ಹೂಡಿದಳು. ಇಲ್ಲಿ ಮೂರು ಒಲೆ, ಒಲೆಗೊಂದು ಮಣೆ, ಇಲ್ಲಿ ಕಟ್ಟಿಗೆ, ಇಲ್ಲಿ ಹಿಟ್ಟಿನ ಚೀಲ, ಇಲ್ಲಿ ರೊಟ್ಟಿ ಆರಹಾಕುವ ಬುಟ್ಟಿಗಳು. ಒಲೆ ಕಡಿಮೆ ಮಾಡಿದರೆ ಬರುವ ಇಬ್ಬರು ಹೆಂಗಸರಲ್ಲಿ ಒಬ್ಬರನ್ನು ಬಿಡಿಸಬೇಕು, ಅದು ಅವಳಿಗೆ ಆಗದ ಮಾತು. ಎಲ್ಲ ಹೂಡಿ ಮುಗಿದಾಗ ಹೊರಸಿಗೆ ಜಾಗ ಉಳಿಯಲಿಲ್ಲ. ಬುಟ್ಟಿಯನ್ನು ಅಲ್ಲಿಟ್ಟು ನೋಡಿದಳು, ಚೀಲವನ್ನು ಇಲ್ಲಿಟ್ಟು ನೋಡಿದಳು. ಕೊನೆಗೆ ಕಡ್ಡಿ ಒಗೆದು, "ಇರಲಿ ಬಿಡ. ರೊಟ್ಟಿಗೆ ಮನಿ ಆತಲ್ಲ, ನಾ ಪಡಸಾಲ್ಯಾಗ ಮಲಗತೇನಿ" ಎಂದಳು. ಧ್ವನಿ ಸಹಜವಾಗಿಯೇ ಇತ್ತು, ಮುಖ ಮಾತ್ರ ಬೇರೆ ಕಡೆ ತಿರುಗಿತ್ತು.

ಚಾಚಾ ಗೂಟ ಹೊಡೆದು ದಾರ ಕಟ್ಟಿದರು. ಕಟ್ಟಿ ಮುಗಿಸಿ ನನ್ನನ್ನು ಕರೆದರು. "ತಂಗಿ, ನಿನ್ನ ಮೂಲಿ ಕಲ್ಲಿಗೆ ಮುಟ್ಟಬೇಕಿತ್ತಲ್ಲ?" ಹೌದು, ಮುಟ್ಟಬೇಕಿತ್ತು. ಮುಟ್ಟಿರಲಿಲ್ಲ. ಪಡುವಣದ ಎರಡೂ ಮೂಲೆಗಳು ಗಡಿಗಲ್ಲಿನಿಂದ ಒಂದಡಿಗೂ ಮಿಕ್ಕಿ ಒಳಗೇ ನಿಂತಿದ್ದವು. ಅತ್ತೆಯ ಮುಖ ಅರಳಿತು. "ಜಾಗ ಉಳದೈತಿ! ಕಲ್ಲಿನ ತನಕ ಎಳೀರಿ ಚಾಚಾ, ನನ್ನ ಹೊರಸ ಕೂಡತೈತಿ."

ಕಾಕಾ ಅಡ್ಡ ಬಂದ. "ಹಂಗ ಎಳಿಯಾಕ ಬರೂದಿಲ್ಲ. ಅರ್ಧ ಕಣದಾಗ ಇದಕ್ಕಿಂತ ದೊಡ್ಡದು ಕೂಡೂದ ಇಲ್ಲ ಅಂತ ಈಕಿನ ಹೇಳ್ಯಾಳ. ದೊಡ್ಡದು ಕೂಡಾಕತ್ತೈತಿ ಅಂದ್ರ ಅದು ಅರ್ಧಕ್ಕಿಂತ ಹೆಚ್ಚ ಇರಬೇಕು, ಇಲ್ಲಾ ಈಕಿ ಲೆಕ್ಕ ತಪ್ಪಿರಬೇಕು. ಯಾವುದಂತ ನಾಳಿ ಮುಂಜಾನಿ ಹೇಳಲಿ. ಆಮ್ಯಾಲ ದಾರ." ನನ್ನ ಮಾತಿನಿಂದಲೇ ನನ್ನ ಬಾಯಿ ಕಟ್ಟಿಸಿದ. ಲೆಕ್ಕದ ತಲೆ ನನಗೆ ಯಾರಿಂದ ಬಂತೆಂದು ಅಂದು ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ನಾನು ಕಣದಲ್ಲೇ ಉಳಿದೆ. ಬಿಸಿಲಿಳಿದು ಬೇವಿನ ನೆರಳು ಉದ್ದವಾಗಿತ್ತು. ಅಳೆಯದೇ ಬಿಟ್ಟದ್ದು ಮೂಡಣ-ಪಡುವಣ. ಮೂಡಣಕ್ಕೆ ಬಣವೆ ಇತ್ತು, ಹಾಗಾಗಿ ಪಡುವಣದ ಕಲ್ಲಿಗೆ ಹಗ್ಗ ಹಿಡಿದೆ. ಹದಿನೇಳು ಅಡಿ. ಮತ್ತೆ ಹಿಡಿದೆ. ಹದಿನೇಳೇ. ಕೆಳಗೆ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ವೃತ್ತದ ಸಮೀಕರಣ ಬರೆದೆ. ಮೂರು ಕಲ್ಲು ಗೊತ್ತಿದ್ದರೆ ಸಾಕು, ವೃತ್ತ ತನ್ನ ನಡುವನ್ನು ಬಚ್ಚಿಡಲಾರದು. ಬಡಗಣದ ಕಲ್ಲು, ತೆಂಕಣದ ಕಲ್ಲು, ಪಡುವಣದ ಕಲ್ಲು. ಹದಿನೈದಕ್ಕೆ ಎರಡು ಬೆರಳು ಕಡಿಮೆ ಎಂದರೆ ಅದರ ವರ್ಗ ಇನ್ನೂರ ಇಪ್ಪತ್ತೊಂದು. ಹದಿನೇಳರ ವರ್ಗ ಇನ್ನೂರ ಎಂಬತ್ತೊಂಬತ್ತು. ವ್ಯತ್ಯಾಸ ಅರವತ್ತೆಂಟು. ಅದನ್ನು ಹದಿನೇಳರ ಇಮ್ಮಡಿಯಿಂದ ಭಾಗಿಸಿದರೆ ಸರಿಯಾಗಿ ಎರಡು. ಕಣದ ನಿಜವಾದ ನಡು ಮೇಟಿಯಲ್ಲಿಲ್ಲ, ಮೇಟಿಯಿಂದ ಎರಡು ಅಡಿ ಪಡುವಣಕ್ಕಿದೆ. ಅಲ್ಲಿಂದ ತ್ರಿಜ್ಯ ತೆಗೆದರೆ ಹದಿನೈದು, ಎರಡು ಬೆರಳೂ ಕಡಿಮೆಯಿಲ್ಲ. ನಾನು ಮಾಡಿದ್ದು ಬಳೆಗೆ ಅಡ್ಡಲಾಗಿ ಒಂದು ಕಡ್ಡಿ ಇಟ್ಟು, ಕಡ್ಡಿಯ ನಡುವನ್ನೇ ಬಳೆಯ ನಡು ಎಂದು ತಿಳಿಯುವ ಕೆಲಸ.

ಲೆಕ್ಕ ಸಿಕ್ಕ ಖುಷಿ ಒಂದು ಗಳಿಗೆ ಇತ್ತು. ಆಮೇಲೆ ಅದರ ಅರ್ಥ ಹೊಳೆಯಿತು. ಮೇಟಿಯಿಂದ ಪಡುವಣಕ್ಕೆ ಹದಿನೇಳು, ಮೂಡಣಕ್ಕೆ ಹದಿಮೂರು. ಮೇಟಿಯ ಗೆರೆ ಕಣವನ್ನು ಅರ್ಧ ಮಾಡುವುದೇ ಇಲ್ಲ, ಅತ್ತೆಯ ಕಡೆಯದು ದೊಡ್ಡ ಹೋಳು. ಆ ದೊಡ್ಡ ಹೋಳಿನಲ್ಲಿ ಕೂಡುವ ಅತಿ ದೊಡ್ಡ ಆಯತವನ್ನೂ ತೆಗೆದೆ: ಇಪ್ಪತ್ತೆರಡಕ್ಕೆ ಹನ್ನೆರಡು, ಚೂರುಪಾರು ಸೇರಿ ಇನ್ನೂರ ಅರವತ್ತೆಂಟು ಚದರಡಿ. ಹೊರಸು ಆರಾಮಾಗಿ ಕೂಡುತ್ತದೆ. ಆದರೆ ಇದನ್ನು ಬಾಯಿಬಿಟ್ಟರೆ ಕಾಕಾ ಗೆರೆಯನ್ನು ಎರಡು ಅಡಿ ಪಡುವಣಕ್ಕೆ ಸರಿಸುತ್ತಾನೆ, ಸರಿಸುವುದು ನ್ಯಾಯವೂ ಹೌದು. ಆಗ ಕೋಣೆ ಮತ್ತೆ ಇಪ್ಪತ್ತೊಂದಕ್ಕೆ ಹತ್ತೂವರೆ. ಅತ್ತೆ ಪಡಸಾಲೆಯಲ್ಲಿ. ಗಣಿತದ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಪರೀಕ್ಷೆಯಲ್ಲಿಯೂ ಇಲ್ಲ.

ಆಯಿ ದೀಪ ಹಚ್ಚಲು ಬತ್ತಿ ಹೊಸೆಯುತ್ತಿದ್ದಳು. ಹೋಗಿ ಅವಳ ಮುಂದೆ ಕೂತೆ. "ಆಯಿ, ಮೇಟಿ ನಡುವ ಇಲ್ಲ" ಎಂದೆ.

ಅವಳ ಕೈ ಒಂದು ಕ್ಷಣ ನಿಂತಿತು. "ಯಾರು ಹೇಳಿದ್ರು?"

"ಲೆಕ್ಕ ಹೇಳತೈತಿ. ಎರಡು ಅಡಿ ಮೂಡಲಕ್ಕ ಐತಿ. ನಾಳಿ ಹೇಳಿದ್ರ ಅತ್ತೀದು ಕಡಿಮಿ ಆಕ್ಕೈತಿ. ಏನ್ ಮಾಡ್ಲಿ?"

ಅವಳು ಬತ್ತಿಯನ್ನು ಎಣ್ಣೆಯಲ್ಲಿ ಅದ್ದತೊಡಗಿದಳು. "ಹೇಳು. ಎಲ್ಲಾರೂ ಇದ್ದಾಗ ಹೇಳು. ನಂದೂ ಒಂದು ಹೇಳೂದೈತಿ."

ಮರುದಿನ ಬೆಳಿಗ್ಗೆ ಎಲ್ಲರೂ ಕಣದಲ್ಲಿ ಸೇರಿದರು. ಅಪ್ಪ, ಕಾಕಾ, ಚಾಚಾ, ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದ ಅತ್ತೆ, ಬೇವಿನ ಬುಡದಲ್ಲಿ ಆಯಿ. ನಾನು ಹಗ್ಗ ಹಿಡಿದು ತೋರಿಸಿದೆ. ಈ ಕಡೆ ಹದಿನೇಳು, ಬಣವೆಯ ಕೆಳಗೆ ಹದಿಮೂರು. ನಿಜವಾದ ನಡುವಿನಲ್ಲಿ ಒಂದು ಗೂಟ ನೆಟ್ಟು, ಅಲ್ಲಿಂದ ಹಗ್ಗವನ್ನು ಸುತ್ತಿಸಿದಾಗ ಅದು ಬಣವೆಯ ಕಡೆ ಬಿಟ್ಟು ಒಂದೊಂದೇ ಗಡಿಗಲ್ಲನ್ನು ಮುಟ್ಟುತ್ತ ಹೋಯಿತು. ಅತ್ತೆಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಕಾಕಾ ಮೇಟಿಯ ಪಕ್ಕದ ದಾರ ಬಿಚ್ಚಿ, ನಾನು ನೆಟ್ಟ ಗೂಟಕ್ಕೆ ತಂದು ಕಟ್ಟಿದ. "ಆತು. ಅರ್ಧಾ ಅಂದ್ರ ಇದು. ಯಾರಿಗೂ ಅನ್ಯಾಯ ಬ್ಯಾಡ" ಎಂದ. ಅತ್ತೆ ತಲೆಯಾಡಿಸಿದಳು. "ಹೌದಣ್ಣ, ನನಗ ಹೆಚ್ಚಿಂದು ಬ್ಯಾಡ. ನಿನ್ನಿ ಅಳತೀದ ಕಟ್ಟಸ್ರಿ" ಎಂದು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮನೆಯ ಕಡೆ ತಿರುಗಿದಳು.

"ನಿಂದರ ಬೇ" ಎಂದಳು ಆಯಿ.

ಎದ್ದು ಬಂದು ಮೇಟಿಯ ಮೇಲೆ ಕೈಯಿಟ್ಟಳು. "ಇದು ತಾನ ನಡಕೋತ ಹೋತೇನು ಮೂಡಲಕ್ಕ? ನಾ ಸರಿಸೇನಿ."

"ನೀನು?" ಎಂದ ಕಾಕಾ.

"ಹೂಂ, ನಾನ. ವರ್ಷಾ ಕುಣಿ ಎಲ್ಲಿ ಅಂತ ಯಾರು ತೋರಸ್ತಿದ್ರು? ಒಂದ ವರ್ಷ ಮೂಡಲಕ್ಕ, ಮರುವರ್ಷ ಪಡುವಲಕ್ಕ ತಗೀಬೇಕು. ನಮ್ಮತ್ತಿ ಕಲಿಸಿದ್ದು ಹಂಗ. ಹಂಗ ತಗದ್ರ ಮೇಟಿ ನಡುವ ಉಳೀತೈತಿ. ನಾ ಬರೇ ಮೂಡಲಕ್ಕ ತಗಸಿದೆ. ಮಷಿನ್ ಬಂತು, ಇಲ್ಲಂದ್ರ ಇನ್ನೂ ಸರಸಾಕಿನ."

ಚಾಚಾ ಬಾಯಿಗೆ ವಸ್ತ್ರ ಅಡ್ಡ ಹಿಡಿದರು. ಅಪ್ಪ ನೆಲ ನೋಡತೊಡಗಿದ. ಕಾಕಾ ಮಾತ್ರ, "ಯಾಕಬೇ ಯವ್ವಾ?" ಎಂದ. ಬಹಳ ಸಣ್ಣ ಧ್ವನಿಯಲ್ಲಿ ಕೇಳಿದ.

"ಹೊಲಾ ಹಂಚಕೊಂಡ್ರಿ. ಮನೀನೂ ಹಂಚಕೊಂಡ್ರಿ. ಈಕಿ ನಿಮಗ ಚಾ ಕೊಟಗೋತ ಅಲ್ಲೇ ನಿಂತಿದ್ಲು. ಈಕೀಗೇನು ಅಂತ ಇಬ್ರೂ ಕೇಳಲಿಲ್ಲ. ನಾ ಕೇಳಿದ್ರ ಕೊಡ್ತಿದ್ರಿ, ಇಲ್ಲ ಅನ್ನೂದಿಲ್ಲ. ಖರೆ ಬೇಡಿ ಇಸಕೊಂಡಂಗ ಆಕ್ಕಿತ್ತು. ಬೇಡೂದು ಬ್ಯಾಡ ಅನಿಸ್ತು ನನ್ನ ಮಗಳು. ನನ್ನ ಕೈಯಾಗ ಏನಿತ್ತು? ಇದೊಂದು ಮೇಟಿ ಇತ್ತು."

ಕಾಕಾ ಬಣವೆಯ ಕಡೆ ನೋಡುತ್ತ ಕೇಳಿದ, "ಹಂಗಾರ ಆ ಹೊರಗಿನ ಎತ್ತು?"

"ಅದರ ತಪ್ಪೇನೂ ಇರಲಿಲ್ಲಪಾ. ಮೂಡಲಕ್ಕ ಅದಕ್ಕ ಕಾಲಿಡಾಕ ಜಾಗಾನ ಇರಲಿಲ್ಲ."

"ಎಷ್ಟ ಬೈದೆ ಯವ್ವಾ ಅದಕ್ಕ! ನೀ ನೆರಳಾಗ ಕುಂತು ಕೇಳಕೋತಿದ್ದಿ!" ಎಂದು ಕಾಕಾ ಹಣೆ ಬಡಿದುಕೊಂಡ. ಅಪ್ಪ ಮೊದಲು ನಕ್ಕ, ಆಮೇಲೆ ಚಾಚಾ, ಕೊನೆಗೆ ಕಾಕಾನೇ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು, ತಾನು ಕಟ್ಟಿದ ದಾರವನ್ನು ತಾನೇ ಬಿಚ್ಚಿ ಮತ್ತೆ ಮೇಟಿಗೆ ತಂದು ಸುತ್ತಿದ. "ನಮ್ಮವ್ವ ಏನ್ ಅಂದಿದ್ಲು? ಮೇಟಿಯಿಂದ ಪಡುವಲಕ್ಕ ಅಂದಿದ್ಲು. ನಾ ಹೂಂ ಅಂದಿದ್ದೆ. ಮೇಟಿ ಎಲ್ಲೈತಿ, ಅಲ್ಲಿಂದ" ಎಂದವನು ನನ್ನ ಕಡೆ ತಿರುಗಿ ಗದರಿದ, "ಏ, ನೋಡಕೋತ ಯಾಕ ನಿಂತಿ? ದೊಡ್ಡ ಲೆಕ್ಕಾ ಹೇಳು ಚಾಚಾಗ."

ನಾನು ಹೇಳಿದೆ. ಉದ್ದ ಇಪ್ಪತ್ತೆರಡು, ಅಗಲ ಹನ್ನೆರಡು. ಚಾಚಾ ಗೂಟ ಕಿತ್ತು ಹೊಸದಾಗಿ ಹೊಡೆದರು. ಈ ಸಲ ಎರಡೂ ಮೂಲೆಗಳು ಹೋಗಿ ಕರಿಕಲ್ಲಿಗೆ ಮುಟ್ಟಿ ನಿಂತವು.

ಅತ್ತೆ ಮಾತ್ರ ತಿರುಗಿ ನಿಂತಲ್ಲಿಂದ ಅಲುಗಿರಲಿಲ್ಲ. "ಯಾವಾಗಿಂದ ಸರಸಾಕತ್ತಿದ್ದೀ ಯವ್ವಾ?" ಎಂದಳು.

"ನೀ ಬಂದ ಸುಗ್ಗೀಲಿಂದ" ಎಂದಳು ಆಯಿ. "ನೀ ಬಂದ ವಾರದಾಗ ಮೇಟಿ ಹಾಕಿದ್ವಲ್ಲ, ಅವತ್ತಿಂದ."

ಅತ್ತೆ ದಾರ ದಾಟಿ ಒಳಗೆ ಬಂದಳು. ಒಲೆಗಳ ಜಾಗ ಬಿಟ್ಟು, ಚೀಲದ ಜಾಗ ಬಿಟ್ಟು, ಬುಟ್ಟಿಗಳ ಜಾಗ ಬಿಟ್ಟು, ಕೊನೆಯ ಮೂಲೆಗೆ ಹೋಗಿ ಬರಿ ನೆಲದ ಮೇಲೆ ಕೂತುಬಿಟ್ಟಳು. ಸೆರಗು ಮುಖಕ್ಕೆ ಹಿಡಿದು ಬಹಳ ಹೊತ್ತು ಅತ್ತಳು. ಬಂದ ದಿನ ಅಳಬೇಕಾಗಿದ್ದದ್ದನ್ನು ಅಂದು ಅತ್ತಳೆಂದು ನನಗೆ ಅನ್ನಿಸುತ್ತದೆ. ಯಾರೂ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ನನ್ನನ್ನು ಕರೆದಳು.

"ಮೊದಲಿನ ಲೆಕ್ಕಕ್ಕಿಂತ ಎಷ್ಟ ಹೆಚ್ಚಾತು?"

"ನಲವತ್ಮೂರು ಚದರಡಿ."

"ಎರಡು ಹೊರಸ ಕೂಡತಾವೇನು?"

"ಎರಡು ಯಾಕಬೇ?" ಎಂದಳು ಆಯಿ ಅಲ್ಲಿಂದಲೇ. "ನಾ ನನ್ನ ಪಡಸಾಲಿ ಬಿಟ್ಟು ಎಲ್ಲೂ ಬರೂದಿಲ್ಲ."

"ನೀ ಸುಮ್ಮನಿರು" ಎಂದಳು ಅತ್ತೆ. ತಾಯಿಗೆ ಅವಳು ಗದರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಾ ಲೆಕ್ಕದಾಕೀಗ ಕೇಳಾಕತ್ತೇನಿ."

ಹೊರಸೊಂದಕ್ಕೆ ಆರು ಅಡಿ ಉದ್ದ, ಮೂರು ಅಡಿ ಅಗಲ. ಎರಡಕ್ಕೆ ಮೂವತ್ತಾರು. ಇದಕ್ಕೆ ಕಾಗದವೂ ಬೇಕಿರಲಿಲ್ಲ, ಕಡ್ಡಿಯೂ ಬೇಕಿರಲಿಲ್ಲ.

"ಕೂಡತಾವ ಅತ್ತಿ" ಎಂದೆ. ಅಷ್ಟರಲ್ಲಿ ಕಾಕಾ ತನ್ನ ಹೊರಸು ತರಲು ಮನೆಯ ಕಡೆ ಹೊರಟಿದ್ದ.